ಕಾಲಂನಲ್ಲಿ ಇಲ್ಲದ್ದು

ಫೆಬ್ರವರಿ ೯

ಇವತ್ತು ಚಪ್ಪಲಿ ಅಂಗಡಿ. ಒಳಗೆ ಕಾಲಿಟ್ಟ ಮೇಲೆ ಯಾರಾದರೂ ಮಾತಾಡಿಸುವವರೆಗೆ ಎಷ್ಟು ಸೆಕೆಂಡು ಎಂದು ಮನಸ್ಸಿನಲ್ಲೇ ಎಣಿಸಬೇಕು. ವಾಚು ನೋಡುವ ಹಾಗಿಲ್ಲ, ಗುಟ್ಟು ರಟ್ಟಾಗುತ್ತದೆ. ಎಣಿಸುತ್ತ ನಿಂತಿದ್ದೆ, ಸೇಲ್ಸ್‌ಮನ್ ಬಂದು ಏನೋ ಅಂದ. ಎಣಿಕೆ ತಪ್ಪೀತೆಂದು ಉತ್ತರ ಕೊಡಲಿಲ್ಲ. ಕಿವಿ ಕೇಳದವಳು ಅಂದುಕೊಂಡಿರಬೇಕು, ಪಾಪ, ಕೈಸನ್ನೆಯಲ್ಲಿ ಸೈಜು ಕೇಳಿದ. ಆಮೇಲೆ ಬಾಯಿ ಬಿಟ್ಟರೆ ಬಣ್ಣಗೇಡು. ಎರಡು ಜೊತೆ ನೋಡಿ ಮೂಗಿಯಾಗಿಯೇ ಹೊರಬಂದೆ.

ಮನೆಗೆ ಬಂದು ರಿಪೋರ್ಟ್ ತೆರೆದರೆ ಮೊದಲ ಪ್ರಶ್ನೆ: ‘ಸಿಬ್ಬಂದಿ ಅಂಗಡಿಯ ಹೆಸರು ಹೇಳಿ ಸ್ವಾಗತಿಸಿದರೇ?’ ಮೊದಲು ಬಂದು ಏನೋ ಅಂದನಲ್ಲ, ಅದೇ ಸ್ವಾಗತ ಇದ್ದೀತು. ನಾನು ಎಣಿಸುತ್ತಿದ್ದೆ, ಕೇಳಿಸಲಿಲ್ಲ. ‘ಇಲ್ಲ’ ಎಂದು ಹಾಕಿದೆ. ತಪ್ಪು ಅವನದೋ ನನ್ನದೋ... ಇನ್ನೂ ತಿಳಿಯುತ್ತಿಲ್ಲ.

ಫೆಬ್ರವರಿ ೧೧

ಇವರು ಪ್ರೆಸ್ಸಿನಿಂದ ಬಂದವರೇ ಕೇಳಿದರು, ಈ ಕೆಲಸದಲ್ಲಿ ನಿಜವಾಗಿ ಏನಾದರೂ ಗಿಟ್ಟುತ್ತದಾ ಎಂದು. (ಒಳಗೆ ಬಂದು ಚಪ್ಪಲಿ ಬಿಡುವಾಗ ಒಂದು ಮಾತಿಲ್ಲ, ನಗುವಿಲ್ಲ. ಸ್ವಾಗತಕ್ಕೆ ಸೊನ್ನೆ.) ಮತ್ತೆ ಮೊದಲಿಂದ ಹೇಳಿದೆ. ಏಜೆನ್ಸಿಯವರು ಅಂಗಡಿ ಹೇಳುತ್ತಾರೆ. ಗಿರಾಕಿಯ ಹಾಗೆ ಹೋಗಬೇಕು, ನೋಡಬೇಕು, ಬಂದು ಬರೆದು ಕಳಿಸಬೇಕು. ಅಂಗಡಿಯವರಿಗೆ ಯಾರು ಬಂದಿದ್ದರೆಂದು ಗೊತ್ತಾಗಕೂಡದು. ಮಿಸ್ಟರಿ ಶಾಪಿಂಗ್. ಕದ್ದು ನೋಡುವುದಕ್ಕೂ ಸಂಬಳವಾ ಎಂದು ನಕ್ಕರು.

ನಕ್ಕರೇನು, ಪ್ರಶ್ನೆ ಸರಿಯೇ. ಇಪ್ಪತ್ತು ನಿಮಿಷ ಅಂಗಡಿಯಲ್ಲಿ, ಅರ್ಧ ದಿನ ರಿಪೋರ್ಟಿನ ಮುಂದೆ. ಬಸ್ ಚಾರ್ಜು ನಮ್ಮದೇ. ದುಡ್ಡು ಯಾವಾಗ ಬರುತ್ತದೋ ಅವರಿಗೇ ಗೊತ್ತು. ಈ ದಾರಿ ತೋರಿಸಿದ ಎದುರು ಮನೆಯವರು ಮೊದಲೇ ಹೇಳಿದ್ದರು, ಇದನ್ನು ನಂಬಿ ಒಲೆ ಹಚ್ಚಬೇಡ ಎಂದು. ಆದರೆ ಲಾಡ್ಜಿನಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಅಷ್ಟು ವರ್ಷ ಕೂತವಳು ನಾನು. ತಾನೇ ಮಾತಾಡುವ ಮೆಷಿನ್ ತಂದಿಟ್ಟು ನನ್ನನ್ನು ಮನೆಗೆ ಕಳಿಸಿದರು. ಕೈಯಲ್ಲಿ ನನ್ನದೇ ನಾಲ್ಕು ಕಾಸು ಇರಬೇಕು ಅನ್ನಿಸುತ್ತದೆ. ಅಷ್ಟೇ. ಇದನ್ನು ಇವರಿಗೆ ಹೇಳಲು ಹೋದರೆ ಜಗಳವಾಗುತ್ತದೆ.

ಫೆಬ್ರವರಿ ೨೦

ಅತ್ತೆಯನ್ನು ಮೊದಲ ಸಲ ಜೊತೆಗೆ ಕರೆದುಕೊಂಡು ಹೋದೆ. ಮೊಬೈಲ್ ಅಂಗಡಿ. ಸುಮ್ಮನೆ ಪಕ್ಕದಲ್ಲಿ ಕೂತಿರಿ ಎಂದಿದ್ದೆ. ಅವರು ಸುಮ್ಮನೆ ಕೂರುವ ಜಾತಿಯಾ? ಮಗ ಪೈಲಟ್ಟಂತೆ. ತಿಂಗಳಿಗೆ ಎರಡು ದಿನ ಮಾತ್ರ ನೆಲದ ಮೇಲೆ ಇರುತ್ತಾನಂತೆ. ಅವನ ಮುಖ ನೋಡಿಕೊಂಡು ಮಾತಾಡುವ ಫೋನ್ ಬೇಕಂತೆ. ಅಂಗಡಿಯವನು ಕುರ್ಚಿ ತಂದ, ತಣ್ಣನೆ ನೀರು ತಂದ. ಪ್ರೆಸ್ಸಿನಲ್ಲಿ ಮಸಿ ಮೆತ್ತಿಕೊಂಡು ನಿಂತಿರುವ ಪೈಲಟ್ಟನನ್ನು ನೆನೆದು ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ.

ಬರುವಾಗ ಬಸ್ಸಿನಲ್ಲಿ ಹೇಳಿದರು, ಇನ್ನು ಮೇಲೆ ತಾನೂ ಆಫೀಸಿಗೆ ಹೋಗುವವಳೇ ಎಂದು. ಮನೆ ಮುಟ್ಟಿದ ಮೇಲೆ ನಮ್ಮ ಮೆಟ್ಟಿಲು ಹತ್ತುವಾಗ ಕೈ ಕೊಡಲು ಹೋದೆ, ತಳ್ಳಿಬಿಟ್ಟರು. ಯಾರ ಕೈಯನ್ನೂ ಹಿಡಿಯುವವರಲ್ಲ. ದಿನಾ ಬೆಳಿಗ್ಗೆ ಒಬ್ಬರೇ ಇಳಿದು ಮೂಲೆ ಅಂಗಡಿಯಿಂದ ಪೇಪರ್ ತರಬೇಕು, ದರ್ಜಿಯ ಬೆಂಚಿನ ಮೇಲೆ ಕೂತು ಅರ್ಧ ಊರಿನ ಸುದ್ದಿ ತಿಳಿದುಕೊಂಡು ಮೇಲೆ ಬರಬೇಕು. ಆ ಮೆಟ್ಟಿಲು ಅವರ ಹೆಮ್ಮೆ.

ಮಾರ್ಚ್ ೩, ಮಧ್ಯಾಹ್ನ

ಮರೆಯುವ ಮೊದಲು ಬರೆದಿಡುತ್ತೇನೆ. ಕನ್ನಡಕದ ಅಂಗಡಿ. ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಪ್ರೊಗ್ರೆಸ್ಸಿವ್ ಲೆನ್ಸ್ ವಿಚಾರಿಸಬೇಕು, ಅಂದರೆ ಹತ್ತಿರದ್ದೂ ದೂರದ್ದೂ ಒಂದೇ ಗಾಜಿನಲ್ಲಿ ಕಾಣುವಂಥದ್ದು, ದುಬಾರಿಯದ್ದು. ಕೊಳ್ಳಬಾರದು. ‘ಯೋಚನೆ ಮಾಡಿ ಬರ್ತೀವಿ’ ಎಂದು ಎದ್ದುಬರಬೇಕು.

ಬಾಗಿಲು ತಳ್ಳಿ ಒಳಗೆ ಹೋದಾಗ ಟೈ ಕಟ್ಟಿದ ಮ್ಯಾನೇಜರ್ ಕೌಂಟರಿನ ಹುಡುಗಿಗೆ ಬಯ್ಯುತ್ತಿದ್ದ. ಮೆಲ್ಲಗೆ ಬಯ್ಯುತ್ತಿದ್ದೇನೆ ಅಂದುಕೊಂಡಿದ್ದ, ಆದರೆ ಗಾಜಿನ ಗೋಡೆ, ಎಲ್ಲ ಕೇಳಿಸುತ್ತಿತ್ತು. “ಎರಡು ರಿಪೋರ್ಟ್ ಕೆಟ್ಟದು ಬಂದಿದೆ. ಮೂರನೇದೂ ಹಾಗೇ ಬಂತು ಅಂದ್ರೆ ಮಾರನೇ ದಿನದಿಂದ ನೀನು ಬರೋದು ಬೇಡ.”

ಮೂರನೆಯ ರಿಪೋರ್ಟ್ ನಾನೇ. ಆ ರಿಪೋರ್ಟ್ ಒಳಗೇ ಇದೆ ಅನ್ನುವ ಹಾಗೆ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹುಡುಗಿ ಬಂದಳು. ನಗಲಿಲ್ಲ, ಹೇಗೆ ನಕ್ಕಾಳು. ಅಂಗಡಿಯ ಹೆಸರು ಹೇಳಲಿಲ್ಲ, ತನ್ನ ಹೆಸರು ಹೇಳಲಿಲ್ಲ. ನೇರವಾಗಿ ಅತ್ತೆಯ ಮೂಗಿನ ಮೇಲಿದ್ದ ಕನ್ನಡಕವನ್ನು ನೋಡಿ, ಇದು ಒಂದು ಕಡೆ ಜಾರುತ್ತಿದೆಯಲ್ಲ ಎಂದು ತೆಗೆದುಕೊಂಡಳು. ಕೌಂಟರಿನಿಂದ ಈಚೆ ಬಂದು ಅತ್ತೆಯ ಪಕ್ಕ ಸ್ಟೂಲ್ ಎಳೆದು ಕೂತು ಸ್ಕ್ರೂ ಬಿಗಿ ಮಾಡಿದಳು, ಗಾಜು ಒರೆಸಿದಳು, ಕಿವಿಯ ಹಿಂದೆ ಒತ್ತುತ್ತದಾ ಎಂದು ಬೆರಳಿಟ್ಟು ನೋಡಿದಳು. ನಾನು ಪಾಠ ಒಪ್ಪಿಸಿದೆ, ಪ್ರೊಗ್ರೆಸ್ಸಿವ್ ನೋಡಬೇಕಿತ್ತು ಎಂದು. ಅವಳು ನನ್ನತ್ತ ತಿರುಗಲೇ ಇಲ್ಲ.

“ಅಜ್ಜಿ, ಮನೇಲಿ ಮೆಟ್ಟಿಲಿದೆಯಾ?”

ಇದೆ, ದಿನಾ ಇಳಿಯುತ್ತೇನೆ, ಒಬ್ಬಳೇ ಇಳಿಯುತ್ತೇನೆ ಎಂದು ಅತ್ತೆ ಎದೆಯುಬ್ಬಿಸಿ ಹೇಳಿದರು. ಪೇಪರ್ ಓದಲು ಬೇರೆಯದಿದೆ ಎಂದು ಇನ್ನೊಂದು ಕನ್ನಡಕವನ್ನೂ ತೆಗೆದು ತೋರಿಸಿದರು.

“ಹಾಗಾದ್ರೆ ಅದು ಬೇಡ ಅಜ್ಜಿ. ಅದರಲ್ಲಿ ಕೆಳಗಿನ ಭಾಗ ಓದೋಕೆ ಮಾಡಿರೋದು. ಇಳಿಯೋವಾಗ ಕೆಳಗೆ ನೋಡ್ತೀರಲ್ಲ, ಮೆಟ್ಟಿಲು ಮಸುಕಾಗಿ ತೇಲಿದ ಹಾಗೆ ಕಾಣುತ್ತೆ. ಚಿಕ್ಕವರಿಗೆ ರೂಢಿ ಆಗುತ್ತೆ, ನಿಮಗೆ ಯಾಕೆ ಆ ಕಷ್ಟ? ಓದೋಕೆ ಒಂದು, ನಡೆಯೋಕೆ ಒಂದು ಇದೆಯಲ್ಲ, ಅದೇ ಸರಿ.”

ಸ್ಕ್ರೂಗೆ ಏನೂ ತೆಗೆದುಕೊಳ್ಳಲಿಲ್ಲ. ಬಾಗಿಲವರೆಗೆ ಬಂದು ಹೊರಗಿನ ಹೊಸ್ತಿಲು ಎತ್ತರ ಇದೆ, ನೋಡಿಕೊಳ್ಳಿ ಎಂದಳು. ಬಸ್ಸಿನಲ್ಲಿ ಪೂರ್ತಿ ಅತ್ತೆಯದು ಅವಳ ಗುಣಗಾನ. ಮೊಮ್ಮಗಳಿದ್ದಿದ್ದರೆ ಹಾಗಿರಬೇಕಿತ್ತಂತೆ.

ಮಾರ್ಚ್ ೪

ಬೆಳಿಗ್ಗೆಯಿಂದ ರಿಪೋರ್ಟಿನ ಮುಂದೆ ಕೂತಿದ್ದೇನೆ. ಸ್ವಾಗತ — ಇಲ್ಲ. ನಗುಮುಖ — ಇಲ್ಲ. ಹೆಸರು ಹೇಳಿ ಪರಿಚಯ — ಇಲ್ಲ. ಹೊಸ ಆಫರ್ ತಿಳಿಸಿದರೇ — ಇಲ್ಲ. ದುಬಾರಿ ಲೆನ್ಸಿನ ಅನುಕೂಲ ವಿವರಿಸಿದರೇ... ಅನಾನುಕೂಲ ವಿವರಿಸಿದಳು! ಅದಕ್ಕೆ ಕಾಲಂ ಎಲ್ಲಿದೆ? ಅನಿಸಿಕೆ ಕಾರ್ಡ್ ಕೊಟ್ಟರೇ — ಇಲ್ಲ. ಇದ್ದದ್ದು ಇದ್ದ ಹಾಗೆ ಬರೆದರೆ ಹುಡುಗಿ ಮನೆಗೆ.

ಕೊನೆಯಲ್ಲಿ ‘ಇತರೆ’ ಎಂದು ಒಂದು ಚೂರು ಜಾಗ ಇದೆ. ನಡೆದದ್ದನ್ನು ಅಲ್ಲಿ ಬರೆಯೋಣವೆಂದರೆ, ಕೊಳ್ಳಬೇಡಿ ಎಂದಳು ಅನ್ನುವುದೇ ಅವಳ ಕುತ್ತಿಗೆಗೆ ಹಗ್ಗ. ಅತ್ತ ದರಿ, ಇತ್ತ ಪುಲಿ.

ಎದುರು ಮನೆಯವರನ್ನು ಕೇಳಿದೆ. ಅವರು ಐದಾರು ವರ್ಷದಿಂದ ಮಾಡುತ್ತಿರುವವರು, ಕೈ ಒರೆಸಿಕೊಳ್ಳುತ್ತ ಶಾಂತವಾಗಿ ಹೇಳಿದರು. “ಕಾಲಂನಲ್ಲಿ ಇಲ್ಲದ್ದು ಕಣ್ಣಿಗೂ ಕಾಣಬಾರ್ದು. ಕಾಣೋಕೆ ಶುರುವಾದ್ರೆ ಈ ಕೆಲಸ ಬಿಟ್ಬಿಡು.”

ಅವರು ಹೇಳಿದ್ದು ಬುದ್ಧಿಮಾತೋ ಕಲ್ಲುಮನಸ್ಸೋ... ಎರಡೂ ಇರಬಹುದು.

ಮಾರ್ಚ್ ೫

ಕಳಿಸಿಬಿಟ್ಟೆ. ಎಲ್ಲದಕ್ಕೂ ‘ಹೌದು’. ಸ್ವಾಗತ ಹೌದು, ನಗು ಹೌದು, ಆಫರ್ ಹೌದು. ಒಂದೆರಡು ‘ಇಲ್ಲ’ ಇದ್ದರೆ ನಂಬಿಕೆ ಬರುತ್ತದೆ ಅನ್ನಿಸಿತ್ತು, ಆದರೆ ಯಾವುದನ್ನು ‘ಇಲ್ಲ’ ಮಾಡುವುದು? ಯಾವುದರಿಂದ ಅವಳ ಕೆಲಸ ಹೋಗುತ್ತದೋ ನನಗೇನು ಗೊತ್ತು. ಅನಿಸಿಕೆ ಕಾರ್ಡಿನ ಫೋಟೋ ಬೇಕಿತ್ತು. ಬರುವಾಗ ಕೌಂಟರಿನಿಂದ ಒಂದನ್ನು ನಾನೇ ಎತ್ತಿಕೊಂಡು ಬಂದಿದ್ದೆ, ಯಾಕೆಂದು ಆಗ ಗೊತ್ತಿರಲಿಲ್ಲ.

ಸುಳ್ಳು ಬರೆದೆ. ಆದರೂ ಎದೆ ಹಗುರ. ಒಳ್ಳೆಯವಳಿಗೆ ಒಳ್ಳೆಯ ಅಂಕ ಕೊಟ್ಟೆ, ದಾರಿ ಮಾತ್ರ ಸೊಟ್ಟ.

ಮಾರ್ಚ್ ೯

ಏಜೆನ್ಸಿಯ ಮೇಡಂ ಫೋನ್ ಮಾಡಿದ್ದರು. (ನಾನು ಅವರಿಗೆ ಟಿಕ್ ಮೇಡಂ ಎಂದು ಹೆಸರಿಟ್ಟಿದ್ದೇನೆ. ಮಾತಿನ ಮಧ್ಯೆ ಟಿಕ್ ಟಿಕ್ ಎಂದು ಪೆನ್ ಒತ್ತುವ ಸದ್ದು.) ನೂರಕ್ಕೆ ನೂರು ಈ ವರ್ಷದಲ್ಲಿ ಇದೇ ಮೊದಲಂತೆ, ಕನ್ನಡಕದ ಕಂಪನಿಯವರು ಕುಣಿಯುತ್ತಿದ್ದಾರಂತೆ. ಆಮೇಲೆ ಇನ್ನೊಂದು ಟಿಕ್ ಒತ್ತಿ, ಆ ಹುಡುಗಿ ನಿಮ್ಮ ಗುರುತಿನವಳಲ್ಲ ತಾನೆ ಎಂದರು.

ಅಲ್ಲ ಎಂದೆ. ನಿಜವನ್ನೇ ಹೇಳಿದೆ, ಆದರೂ ಫೋನ್ ಇಟ್ಟ ಮೇಲೆ ಸೆರಗಿನಿಂದ ಕತ್ತು ಒರೆಸಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಏಪ್ರಿಲ್ ೬

ಬಹಳ ದಿನ ಬರೆಯಲಿಲ್ಲ. ಸೋಪಿನ ಅಂಗಡಿ, ಬಟ್ಟೆ ಅಂಗಡಿ, ಮತ್ತೆ ಸೋಪಿನ ಅಂಗಡಿ. ಬರೆಯಲು ಏನಿದೆ.

ಇವತ್ತು ಅತ್ತೆಯ ಜೊತೆ ಆ ರಸ್ತೆಯಲ್ಲಿ ಹೋಗುವಾಗ ಕನ್ನಡಕದ ಅಂಗಡಿಯ ಗಾಜಿನ ಮೇಲೆ ಹುಡುಗಿಯ ಫೋಟೋ! ‘ತಿಂಗಳ ತಾರೆ’. ಅತ್ತೆ ನಿಂತೇಬಿಟ್ಟರು. ತಮಗೆ ಮಾಡಿದ ಉಪಕಾರ ಹೇಗೋ ಮೇಲಿನವರ ಕಿವಿಗೆ ಬಿದ್ದಿದೆ ಎಂದೇ ಅವರ ನಂಬಿಕೆ. ಒಳ್ಳೆಯದಕ್ಕೆ ಒಳ್ಳೆಯದೇ ಆಗುತ್ತದೆ ನೋಡು ಎಂದರು. ಹೂಂ ಎಂದೆ. ನಾನು ಬರೆದದ್ದು ಬೇರೆಯೇ ಎಂದು ಹೇಳಿದ್ದರೆ ಅವರ ಸಂತೋಷ ಕೆಡುತ್ತಿತ್ತು.

ನನಗೂ ಸಂತೋಷವೇ. ಈ ಕೆಲಸದಲ್ಲಿ ಗಿಟ್ಟುವುದೇನು ಎಂದು ಇವರು ಇನ್ನೊಮ್ಮೆ ಕೇಳಲಿ, ಹೇಳುತ್ತೇನೆ.

ಏಪ್ರಿಲ್ ೨೩

ಮಾರ್ಚಿನ ದುಡ್ಡು ಬಂತು. ಅತ್ತೆಗೆ ಒಂದು ಕೈಚೀಲ ಕೊಂಡೆ, ಆಫೀಸಿಗೆ ಹೋಗುವವರಿಗೆ ಬೇಕಲ್ಲ. ಮಿಕ್ಕದ್ದು ಬಸ್ಸಿನವನಿಗೆ. ಲೆಕ್ಕ ಹಾಕಲು ಹೋಗಲಿಲ್ಲ, ಇವರೇ ಹಾಕಿ ಹೇಳಿದರು. ಹಾಕದಿದ್ದರೆ ಚೆನ್ನಾಗಿತ್ತು.

ಜೂನ್ ೫

ಟಿಕ್ ಮೇಡಂ ಮೆಸೇಜ್. ಅದೇ ಕನ್ನಡಕದ ಅಂಗಡಿ. ಮೂರು ತಿಂಗಳು ಕಳೆದರೆ ಅದೇ ಅಂಗಡಿಗೆ ಅದೇ ಗಿರಾಕಿ ಹೋಗಬಹುದಂತೆ. ಈ ಸಲ ನಿಜವಾಗಿ ಕೊಳ್ಳಬೇಕು. ಸಿಬ್ಬಂದಿ ಏನು ಸೂಚಿಸುತ್ತಾರೋ ಅದನ್ನೇ ತೆಗೆದುಕೊಳ್ಳಬೇಕು. ಬೇಕು ಬೇಡ ಎಂದು ನಾವು ಬಾಯಿ ಹಾಕುವಂತಿಲ್ಲ, ಹಾಕಿದರೆ ವಿಸಿಟ್ ರದ್ದು. ರಿಪೋರ್ಟ್ ಒಪ್ಪಿಗೆಯಾದ ಮೇಲೆ ಕನ್ನಡಕದ ಪೂರ್ತಿ ಹಣ ವಾಪಸ್.

ಇದಕ್ಕಿಂತ ಏನು ಬೇಕು! ಹುಡುಗಿ ಹೇಗೂ ದುಬಾರಿಯದು ಬೇಡ ಅನ್ನುತ್ತಾಳೆ. ಓದಲು ಹೊಸದೊಂದು ಸಾಕು ಅನ್ನುತ್ತಾಳೆ. ಅತ್ತೆಗೆ ಕನ್ನಡಕ ಬಿಟ್ಟಿ. ಅತ್ತೆ ಹೊಸ ಕೈಚೀಲ ಹಿಡಿದು ಈಗಲೇ ರೆಡಿ.

ಜೂನ್ ೮

ಹೇಗೆ ಬರೆಯಲಿ. ಏನು ನೋಡಿದೆನೋ ಅದನ್ನೇ ಬರೆಯುತ್ತೇನೆ.

ಬಾಗಿಲು ತೆರೆದೊಡನೆ ಅಂಗಡಿಯ ಹೆಸರು ಹೇಳಿ ಸ್ವಾಗತ. ಅದೇ ಹುಡುಗಿ. ಎದೆಯ ಮೇಲೆ ನಕ್ಷತ್ರದ ಬಿಲ್ಲೆ. ತುಟಿ ಎರಡೂ ಕಡೆ ಒಂದೇ ಸಮ ಎಳೆದ ನಗು, ಹೋಗುವವರೆಗೂ ಇಳಿಯಲಿಲ್ಲ. ತನ್ನ ಹೆಸರು ಹೇಳಿದಳು. ಆಫರ್ ಹೇಳಿದಳು. ಗಿಣಿಪಾಠ, ಒಂದು ಅಕ್ಷರ ತಪ್ಪಲಿಲ್ಲ. ನಾನು ಗೊತ್ತಾಗಲಿಲ್ಲವೇನಮ್ಮ ಎಂದು ಅತ್ತೆ ಕೇಳಿದರು. ಖಂಡಿತ ಮೇಡಂ, ಮತ್ತೆ ಬಂದದ್ದಕ್ಕೆ ಧನ್ಯವಾದ ಎಂದಳು. ಗೊತ್ತಾಗಿರಲಿಲ್ಲ. ಅಜ್ಜಿ ಹೋಗಿ ಮೇಡಂ ಆಗಿದ್ದರು.

ಮೆಟ್ಟಿಲಿದೆಯಾ ಎಂದು ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ನಿಮ್ಮ ವಯಸ್ಸಿಗೆ ಪ್ರೊಗ್ರೆಸ್ಸಿವ್ ಲೆನ್ಸೇ ಅತ್ಯುತ್ತಮ, ಹಳೆಯ ಕನ್ನಡಕಗಳನ್ನು ಕೊಟ್ಟರೆ ಎಕ್ಸ್‌ಚೇಂಜ್‌ನಲ್ಲಿ ರಿಯಾಯಿತಿ ಇದೆ ಎಂದಳು. ಅತ್ತೆ ನನ್ನ ಕಡೆ ತಿರುಗಿದರು.

“ಏನೇ, ತಗೊಳ್ಳಲಾ?”

ಬಾಯಿ ಹಾಕುವಂತಿಲ್ಲ. ಹಾಕಿದರೆ ವಿಸಿಟ್ ರದ್ದು, ಮುಂದಿನ ಕೆಲಸವೂ ರದ್ದು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಅವರು ಹೇಳಿದ ಹಾಗೆ ಮಾಡಿ ಅತ್ತೆ ಎಂದೆ. ನಾನೇ ಹೇಳಿದೆ. ಬೇರೆ ಯಾರೂ ಅಲ್ಲ.

ಬರುವಾಗ ನಗುತ್ತಲೇ ಅನಿಸಿಕೆ ಕಾರ್ಡ್ ಕೊಟ್ಟಳು. ಹೊಸ್ತಿಲು ಎತ್ತರ ಇದೆ ಎಂದು ಹೇಳಲಿಲ್ಲ.

ಜೂನ್ ೯

ತಲೆ ಓಡುತ್ತಿಲ್ಲ. ಯಾಕೆ ಹೀಗಾದಳು?

ಸಾಯಂಕಾಲ ಬಟ್ಟೆ ಮಡಿಸುವಾಗ ಹೊಳೆಯಿತು. ಮಾರ್ಚಿನಲ್ಲಿ ಅವಳ ಕೈಗೆ ಬಂದದ್ದು ನಾನು ಬರೆದ ಕಾಗದ. ಅದರಲ್ಲಿ ಏನಿತ್ತು? ನಕ್ಕಳು, ಸ್ವಾಗತಿಸಿದಳು, ಆಫರ್ ಹೇಳಿದಳು, ದುಬಾರಿ ಲೆನ್ಸನ್ನು ಹೊಗಳಿದಳು. ಅದಕ್ಕೇ ನೂರಕ್ಕೆ ನೂರು, ಅದಕ್ಕೇ ಗಾಜಿನ ಮೇಲೆ ಫೋಟೋ. ಬೇರೆ ಯಾವನೋ ಗಿರಾಕಿಗೆ ಹಾಗೆ ಪಾಠ ಒಪ್ಪಿಸಿದ ದಿನ ನೆನೆದು, ಓಹೋ ಅವನೇ ಇರಬೇಕು ಅಂದುಕೊಂಡಿರುತ್ತಾಳೆ. ಅತ್ತೆಯ ಸ್ಕ್ರೂ ಬಿಗಿ ಮಾಡಿದ್ದು ಅವಳಿಗೆ ನೆನಪೂ ಇರಲಿಕ್ಕಿಲ್ಲ. ಅದಕ್ಕೆ ಯಾರೂ ಶಹಬ್ಬಾಸ್ ಅನ್ನಲಿಲ್ಲವಲ್ಲ.

ಅವಳನ್ನು ಉಳಿಸಿದೆ ಅಂದುಕೊಂಡಿದ್ದೆ. ಯಾರನ್ನು ಉಳಿಸಿದೆ?

ಜೂನ್ ೧೫

ಕನ್ನಡಕ ರೆಡಿ. ತರಲು ಹೋಗುವುದೂ ವಿಸಿಟ್ಟಿನ ಭಾಗ. ಅಲ್ಲೂ ಬಾಯಿ ಹಾಕುವಂತಿಲ್ಲ. ಹಳೆಯ ಎರಡೂ ಕನ್ನಡಕ ಅಲ್ಲೇ ಒಂದು ಪ್ಲಾಸ್ಟಿಕ್ ಡಬ್ಬಿಗೆ ಬಿದ್ದವು, ಬೇರೆಯವರ ಹಳೆಯ ಕನ್ನಡಕಗಳ ಜೊತೆ.

ಅತ್ತೆ ಹೊಸದು ಹಾಕಿಕೊಂಡು ಕನ್ನಡಿ ನೋಡಿಕೊಂಡರು. ಚೆನ್ನಾಗಿ ಕಾಣುತ್ತಿದ್ದಾರೆ. ಇವರೂ ಅಮ್ಮ ಹತ್ತು ವರ್ಷ ಚಿಕ್ಕವರಾದರು ಎಂದರು, ಮೊದಲ ಸಲ ನನ್ನ ಕೆಲಸವನ್ನು ಹೊಗಳಿದರು. ಸಂತೋಷವಾಗಬೇಕಿತ್ತು.

ಜೂನ್ ೧೬

ಬೆಳಿಗ್ಗೆ ಪೇಪರ್ ಬರಲಿಲ್ಲ. ನೋಡಿದರೆ ಅತ್ತೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದಾರೆ. ಒಂದು ಕೈ ಗೋಡೆಗೆ. ಬಲಗಾಲು ಮುಂದೆ ಚಾಚಿ, ಮೆಟ್ಟಿಲು ಎಲ್ಲಿದೆ ಎಂದು ಕತ್ತಲಲ್ಲಿ ಚಪ್ಪಲಿ ಹುಡುಕುವ ಹಾಗೆ ಹುಡುಕುತ್ತಿದ್ದರು. ಬೆಳಕು ಚೆನ್ನಾಗಿಯೇ ಇತ್ತು. ನನ್ನನ್ನು ಕಂಡೊಡನೆ ಕಾಲು ಹಿಂದೆ ತೆಗೆದುಕೊಂಡು, ಇವತ್ತು ಪೇಪರಿನಲ್ಲಿ ಏನಿರುತ್ತದೆ ಮಹಾ ಎಂದು ಒಳಗೆ ಹೋದರು.

ರಿಪೋರ್ಟ್ ತೆರೆದೆ. ಸ್ವಾಗತ ಹೌದು. ನಗುಮುಖ ಹೌದು. ಹೆಸರು, ಆಫರ್, ಎಕ್ಸ್‌ಚೇಂಜ್, ಕಾರ್ಡ್, ಎಲ್ಲ ಹೌದು. ನೂರಕ್ಕೆ ನೂರು. ಈ ಸಲ ಒಂದು ಟಿಕ್ಕೂ ಸುಳ್ಳಲ್ಲ. ಸುಳ್ಳು ಬರೆದ ದಿನ ಎದೆ ಹಗುರವಿತ್ತು, ನಿಜ ಬರೆಯುವಾಗ ಕೈ ಏಳುತ್ತಿಲ್ಲ. ಇದೆಂಥ ಲೆಕ್ಕವೋ ನನಗೆ ಅರ್ಥವಾಗುತ್ತಿಲ್ಲ.

ಕೊನೆಯದೊಂದು ಪ್ರಶ್ನೆ ಖಾಲಿ ಬಿಟ್ಟು ಮುಚ್ಚಿಟ್ಟೆ.

ಜೂನ್ ೧೭

ಹೋಗಿಬಂದೆ. ಒಬ್ಬಳೇ. ರಿಪೋರ್ಟಿಗಲ್ಲ.

ಹಳೆಯ ಕನ್ನಡಕ ವಾಪಸ್ ಕೇಳಿದೆ. ಎಕ್ಸ್‌ಚೇಂಜ್ ಆದದ್ದು ಅವತ್ತೇ ಕಂಪನಿಗೆ ಹೋಗುತ್ತದಂತೆ. ನಗುತ್ತಲೇ ಹೇಳಿದಳು. ಮ್ಯಾನೇಜರ್ ಊಟಕ್ಕೆ ಹೋಗಿದ್ದ, ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಈಗ ಹೇಳದಿದ್ದರೆ ಇನ್ನು ಯಾವಾಗ ಎಂದು ಹೇಳಿಬಿಟ್ಟೆ. ಹೇಳಿದರೆ ಏಜೆನ್ಸಿಯವರು ನನ್ನನ್ನು ತೆಗೆಯುತ್ತಾರೆ, ಗೊತ್ತು.

“ಮಾರ್ಚ್‌ನಲ್ಲಿ ಬಂದ ರಿಪೋರ್ಟ್ ಇದೆಯಲ್ಲ, ಅದನ್ನು ಬರೆದೋಳು ನಾನು. ಅವತ್ತು ನೀನು ಅದ್ಯಾವುದನ್ನೂ ಹೇಳಿರ್ಲಿಲ್ಲ ಕಣಮ್ಮ. ನಮ್ಮತ್ತೇನ ಮನೇಲಿ ಮೆಟ್ಟಿಲಿದೆಯಾ ಅಂತ ಕೇಳ್ದೆ. ಈ ಲೆನ್ಸ್ ಬೇಡ ಅಂದೆ. ನಾನು ನೂರು ಕೊಟ್ಟಿದ್ದು ಅದಕ್ಕೆ.”

ನಗು ಹಾಗೇ ಇತ್ತು. ಕಣ್ಣು ಮಾತ್ರ ಮೇಲಿನ ಕ್ಯಾಮೆರಾಕ್ಕೆ ಹೋಗಿ ಬಂತು.

“ಇದೂ ಟೆಸ್ಟಾ ಮೇಡಂ?”

ಅಲ್ಲ ಎಂದೆ. ಆಣೆ ಮಾಡಿ ಹೇಳಿದೆ. ಆಣೆ ಮಾಡಿದ್ದೇ ತಪ್ಪಾಯಿತೇನೋ, ಅವಳು ಇನ್ನೂ ನೆಟ್ಟಗೆ ನಿಂತಳು.

“ನಾನು ಯಾವ ಗಿರಾಕಿಗೂ ಬೇಡ ಅಂತ ಹೇಳಿಲ್ಲ ಮೇಡಂ. ನಮ್ಮ ಪ್ರೊಗ್ರೆಸ್ಸಿವ್ ಲೆನ್ಸ್ ಎಲ್ಲಾ ವಯಸ್ಸಿನವರಿಗೂ ಸೂಕ್ತ. ಇವತ್ತಿನ ನಿಮ್ಮ ಅನಿಸಿಕೆ ದಯವಿಟ್ಟು ಈ ಕಾರ್ಡಲ್ಲಿ ತಿಳಿಸಿ.”

ಕಾರ್ಡನ್ನು ತಲೆಕೆಳಗಾಗಿ ಚಾಚಿದ್ದಳು. ಹೆದರಿಕೆಗೋ, ನೆನಪು ಬಂದೋ... ಗೊತ್ತಾಗಲಿಲ್ಲ. ಕೇಳುವ ಹಾಗೂ ಇರಲಿಲ್ಲ. ನಾನು ಏನು ಕೇಳಿದರೂ ಅವಳಿಗೆ ಅದು ಪರೀಕ್ಷೆಯೇ. ಕಾರ್ಡ್ ತೆಗೆದುಕೊಂಡು ಬಂದೆ.

ಹೊರಗೆ ಬರುವಾಗ ಹೊಸ್ತಿಲು ಎಡವಿದೆ. ನಿಜಕ್ಕೂ ಎತ್ತರವೇ ಇದೆ.

ಜೂನ್ ೧೮, ಬೆಳಿಗ್ಗೆ

ಟಿಕ್ ಮೇಡಂ ಮೆಸೇಜ್: ಇವತ್ತು ಮಧ್ಯಾಹ್ನದೊಳಗೆ ರಿಪೋರ್ಟ್ ಬರದಿದ್ದರೆ ಕನ್ನಡಕದ ಹಣ ಇಲ್ಲ. ಅಷ್ಟು ಹಣ ಕೈಬಿಟ್ಟರೆ ಇವರ ಮುಖ ನೋಡುವುದು ಹೇಗೆ? ಹಣ ಬಂದರೆ ಅತ್ತೆಗೆ ಮತ್ತೆ ಹಳೆಯ ತರಹದ್ದೇ ಎರಡು ಮಾಡಿಸಬಹುದು, ಬೇರೆ ಅಂಗಡಿಯಲ್ಲಿ. ಅದಕ್ಕೆ ಈ ಅಂಗಡಿಗೆ ನೂರಕ್ಕೆ ನೂರು ಬರೆಯಬೇಕು. ಬರೆದರೆ ಇನ್ನೊಬ್ಬ ಅಜ್ಜಿಗೆ ಇದೇ ಲೆನ್ಸ್. ಬರೆಯದಿದ್ದರೆ ಹುಡುಗಿ... ಸುತ್ತಿ ಸುತ್ತಿ ಗಾಣದೆತ್ತಿನ ಹಾಗೆ ಅಲ್ಲಿಗೇ ಬಂದು ನಿಲ್ಲುತ್ತೇನೆ.

ಇದು ತೆಗೆದಿಡಿ ಅತ್ತೆ, ಬೇರೆ ಮಾಡಿಸೋಣ ಎಂದು ಈಗ ತಾನೆ ಹೇಳಿ ನೋಡಿದೆ. ಅವರು ಕನ್ನಡಕವನ್ನು ಎರಡೂ ಕೈಯಿಂದ ಹಿಡಿದುಕೊಂಡರು.

“ಅವತ್ತು ಬೇಡ ಅಂದೋಳು ಅವಳೇ, ಇವತ್ತು ಬೇಕು ಅಂದೋಳೂ ಅವಳೇ. ಅಂದ್ರೆ ಮೂರು ತಿಂಗಳಲ್ಲಿ ನನ್ನ ಕಣ್ಣು ಅಷ್ಟು ಕೆಟ್ಟಿದೆ ಅಂತಾಯ್ತು. ಆ ಹುಡುಗಿ ಸುಳ್ಳು ಹೇಳೋಳಲ್ಲ ಕಣೇ.”

ಬಂದು ಇಲ್ಲಿ ಕೂತೆ.

ಕೊನೆಯ ಪ್ರಶ್ನೆ ಇನ್ನೂ ಖಾಲಿ: ‘ನಿಮ್ಮ ಮನೆಯ ಹಿರಿಯರಿಗೆ ಈ ಅಂಗಡಿಯನ್ನು ಶಿಫಾರಸು ಮಾಡುತ್ತೀರಾ? ಕಾರಣ ಬರೆಯಿರಿ.’ ಅಲ್ಲಿ ಬರೆಯುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮಾಡುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ಈ ಅಂಗಡಿಯಲ್ಲಿ ಒಬ್ಬ ಹುಡುಗಿ ಇದ್ದಳು. ನಗಲಿಲ್ಲ. ಹೆಸರು ಹೇಳಲಿಲ್ಲ. ನಮ್ಮ ಅತ್ತೆಯ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತು

ಅತ್ತೆ ಮೆಟ್ಟಿಲ ಹತ್ತಿರದಿಂದ ಕರೆಯುತ್ತಿದ್ದಾರೆ. ಪೇಪರ್ ತರಬೇಕಂತೆ. ಸ್ವಲ್ಪ ಬಂದು ಕೈ ಹಿಡಿದುಕೋ ಎನ್ನುತ್ತಿದ್ದಾರೆ.